ಅಂಜನವಲ್ಲದ ಕಲ್ಲು

ಹೋದ ತಿಂಗಳು ತಂಗಿಯ ಜೊತೆ ಮಡಕಶಿರದ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ನಮ್ಮಮ್ಮನ ಹಳೆಯ ಓಲೆ ಕೊಟ್ಟು ಅವಳ ಮಗಳಿಗೆ ಬೇರೆ ಮಾಡಿಸಬೇಕಿತ್ತು. ಅಂಗಡಿಯ ಮುದುಕ ಓಲೆಯನ್ನು ಕೈಗೆ ತೆಗೆದುಕೊಂಡವನೇ ಕರಿ ಒರೆಗಲ್ಲಿಗೆ ಒಂದು ಸಲ ತೀಡಿ, ಮೂಡಿದ ಗೆರೆಯನ್ನು ಬೆಳಕಿಗೆ ಹಿಡಿದ.

“ನೋಡಿದ್ರೆ ಗೊತ್ತಾಗಲ್ವಾ ತಾತ? ನಮ್ಮಮ್ಮ ಇಕ್ಕೊಂಡಿದ್ದ ಓಲೆ ಕಣಪ್ಪ ಅದು,” ಎಂದಳು ತಂಗಿ.

“ಬರೀ ನೋಡಿ ಹೇಳಾಕೆ ನಾನೇನು ದೇವ್ರೇನಮ್ಮ? ತೀಡಿದ್ರೆ ಅದೇ ಹೇಳ್ತದೆ,” ಎಂದು ಮುದುಕ ಅಗ್ಗಿಷ್ಟಿಕೆಗೆ ಇದ್ದಿಲು ಸುರಿದು ಊದತೊಡಗಿದ.

ಇದ್ದಿಲು ಹೊತ್ತಿಕೊಂಡ ವಾಸನೆ, ಅದರ ಮೇಲೆ ಕಾಯುತ್ತಿದ್ದ ಲೋಹದ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬೀದಿಗೆ ಬಂದು ನಿಂತೆ. ತಂಗಿ ನನಗೆ ಬಿಪಿ ಏರಿತೆಂದುಕೊಂಡು ಸೋಡಾ ತರಿಸಿದಳು, ಸುಮ್ಮನೆ ಕುಡಿದೆ. ಬಿಪಿ ಅಲ್ಲ ಎಂದಿದ್ದರೆ ರಾಯದುರ್ಗದ ಆ ಒಂದು ಆಷಾಢವನ್ನು ಪೂರ್ತಿ ಹೇಳಬೇಕಾಗುತ್ತಿತ್ತು. ನನ್ನ ಮನೆಯವರಿಗೇ ನಾನು ಅದನ್ನು ಹೇಳಿಲ್ಲ.

ನಾನು ಗುಡಿಬಂಡೆ ಕಡೆಯ ಹಳ್ಳಿಯವಳು. ನಮ್ಮ ಕಡೆ ಹೆಣ್ಣುಮಕ್ಕಳು ಭೂವಿಜ್ಞಾನ ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಹಟ ಹಿಡಿದು ಅದನ್ನೇ ಓದಿದೆ. ಓದು ಮುಗಿದ ಮೇಲೆ ರಾಯದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಕಾಂಟ್ರಾಕ್ಟ್ ಮೇಲೆ ಪಾಠ ಹೇಳುವ ಕೆಲಸ ಸಿಕ್ಕಿತು. ಎಸ್‌ಟಿಡಿ ಬೂತುಗಳ ಮುಂದೆ ಜನ ಸಾಲು ನಿಲ್ಲುತ್ತಿದ್ದ ವರ್ಷಗಳು ಅವು. ಊರೆಲ್ಲ ಜೀನ್ಸ್ ಹೊಲಿಯುತ್ತಿತ್ತು. ಯಾವ ಓಣಿಗೆ ಹೋದರೂ ಮೆಷಿನ್ನಿನ ಸದ್ದು, ಚರಂಡಿಯಲ್ಲಿ ನೀಲಿ ನೀರು. ನನ್ನ ತರಗತಿಯ ಹುಡುಗರು ಒಬ್ಬೊಬ್ಬರಾಗಿ ಹೊಲಿಗೆಗೆ ಸೇರಿ, ಕೈ ಕುದುರಿದವರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ, ಎರಡನೇ ವರ್ಷಕ್ಕೆ ಮೂರೇ ಜನ ಉಳಿದರು. ಮುಂದಿನ ವರ್ಷ ವಿಭಾಗ ಮುಚ್ಚುತ್ತೇವೆ, ಅಲ್ಮೇರಾದ ಕಲ್ಲುಗಳನ್ನೆಲ್ಲ ಗುರುತು ಹಿಡಿದು ಪಟ್ಟಿ ಮಾಡಿಕೊಡಿ ಎಂದು ಪ್ರಿನ್ಸಿಪಾಲರು ನನಗೆ ಹೇಳಿದರು.

ಅಲ್ಮೇರಾ ತೆಗೆದರೆ ಒಳಗೆ ಗೆದ್ದಲು. ಕಲ್ಲುಗಳನ್ನು ಬಿಟ್ಟು ಚೀಟಿಗಳನ್ನೆಲ್ಲ ತಿಂದುಹಾಕಿತ್ತು. ನನಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಹೆಸರಿಲ್ಲದ ಕಲ್ಲಿಗೆ ಕಣ್ಣಳತೆಯಲ್ಲೇ ಹೆಸರು ಹೇಳುವುದು ನನ್ನ ದೊಡ್ಡ ಜಂಬ. ಓದುವಾಗ ಗೆಳತಿಯರು ಪಂದ್ಯ ಕಟ್ಟಿ ನನ್ನ ಮುಂದೆ ಕಲ್ಲು ಇಡುತ್ತಿದ್ದರು. ಪೆಟ್ಟಿಗೆ ತುಂಬ ಕಲ್ಲುಗಳನ್ನು ರೂಮಿಗೇ ಹೊತ್ತು ತಂದು, ಸಂಜೆ ಹೊತ್ತು ಕಿಟಕಿಯ ಹತ್ತಿರ ಕೂತು ಒಂದೊಂದಕ್ಕೂ ಚೀಟಿ ಬರೆದು ಅಂಟಿಸುತ್ತಿದ್ದೆ.

ರೂಮು ಇದ್ದದ್ದು ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ, ಗೌರಮ್ಮನವರ ಮಾಳಿಗೆಯ ಮೇಲೆ. ಗೌರಮ್ಮ ಗಂಡನನ್ನು ಕಳೆದುಕೊಂಡ ಮೇಲೆ ಕೆಳಗಿನ ಪಡಸಾಲೆಯಲ್ಲಿ ನಾಲ್ಕು ಮೆಷಿನ್ ಹಾಕಿ ಮಗನನ್ನು ಬೆಳೆಸಿದಾಕೆ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಜೋರು. ಮಗ ಪಂಪಣ್ಣ ಬೆಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್. ಆ ಬೇಸಿಗೆಯಲ್ಲಿ ಅವನ ಮದುವೆಯಾಗಿ, ಭೈರವಾನಿತಿಪ್ಪದ ಕಡೆಯಿಂದ ಶಿವಲೀಲಾ ಸೊಸೆಯಾಗಿ ಬಂದಿದ್ದಳು.

ಶಿವಲೀಲಾ ಹೊಲಿಯುವುದನ್ನು ನೋಡಲೆಂದೇ ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಪ್ಯಾಂಟಿನ ಪಕ್ಕದ ಜೋಡಿ ಹೊಲಿಗೆಯನ್ನು ಸೊಂಟದಿಂದ ಕಾಲಿನ ತುದಿವರೆಗೆ ಒಂದೇ ಓಟದಲ್ಲಿ ಓಡಿಸುತ್ತಿದ್ದಳು. ಗುರುತು ಹಾಕಿಕೊಳ್ಳುತ್ತಿರಲಿಲ್ಲ, ನಡುವೆ ನಿಲ್ಲಿಸುತ್ತಿರಲಿಲ್ಲ. ಎರಡು ಗೆರೆಯೂ ಕೊನೆವರೆಗೆ ಒಂದೇ ಅಂತರದಲ್ಲಿರುತ್ತಿದ್ದವು. ನನ್ನನ್ನು ‘ಕಲ್ಲು ಮೇಡಂ’ ಎಂದು ಕರೆಯುತ್ತಿದ್ದಳು.

“ಕಲ್ಲು ಮೇಡಂ, ನಿಮ್ಮ ಪೆಟಿಗಿಯೊಳಗ ವಜ್ರ ಐತೇನ್ರಿ? ಇದ್ರ ಒಂದು ಕೊಡ್ರಿ, ಈ ಬಂಡಲ್ ಬಿಟ್ಟು ಎದ್ದುಬಿಡ್ತೀನಿ.”

“ವಜ್ರ ಸಿಕ್ಕಿದ್ರೆ ನಾನೇ ಮೊದ್ಲು ಓಡಿಹೋಗ್ತೀನಿ ಕಣೆ,” ಎನ್ನುತ್ತಿದ್ದೆ.

ಹೊಸ ಸೊಸೆ ಮೊದಲ ಆಷಾಢದಲ್ಲಿ ಅತ್ತೆಯ ಸೂರಿನ ಕೆಳಗಿರಬಾರದು, ತವರಿಗೆ ಹೋಗಬೇಕು. ಈ ಪದ್ಧತಿ ನಮ್ಮ ಕಡೆಯೂ ಇದೆ. ಆದರೆ ಆ ವರ್ಷ ಬಳ್ಳಾರಿಯಿಂದ ದೊಡ್ಡ ಆರ್ಡರು ಬಂದಿತ್ತು. ಜೋಡಿ ಹೊಲಿಗೆಗೆ ಶಿವಲೀಲಾ ಬಿಟ್ಟರೆ ಇನ್ನೊಬ್ಬರಿಲ್ಲ. ಗೌರಮ್ಮ ಎರಡು ದಿನ ಯೋಚನೆ ಮಾಡಿ, ಕರೆಯಲು ಬಂದ ಬೀಗರಿಗೆ ಊಟ ಹಾಕಿ, “ಇದೊಂದು ಆರ್ಡರ್ ಮುಗೀಲಿ, ನಾನಾ ಕರಕೊಂಡು ಬಂದು ಬಿಡ್ತೀನ್ರಿ,” ಎಂದು ಕಳಿಸಿಬಿಟ್ಟರು. ಹೇಳಿದರೇನೋ ನಿಜ, ಆದರೆ ಅಂದಿನಿಂದ ದೇವರ ಮುಂದೆ ಕೂತಾಗೆಲ್ಲ ಅವರ ಮುಖ ಸಣ್ಣಗಾಗಿರುತ್ತಿತ್ತು.

ರಾಯದುರ್ಗದ ಆಷಾಢವೆಂದರೆ ಗಾಳಿ. ಮಳೆ ಬರುವುದಿಲ್ಲ, ಮೋಡ ಹೀಗೆ ಬಂದು ಹಾಗೆ ಹೋಗುತ್ತದೆ. ಗಾಳಿ ಮಾತ್ರ ಹಗಲಿಡೀ ಬೆಟ್ಟದಿಂದಿಳಿದು ಓಣಿಯ ಮಣ್ಣನ್ನೆಲ್ಲ ಮನೆಯೊಳಗೆ ತಂದು ಸುರಿಯುತ್ತದೆ. ಕತ್ತರಿಸಿಟ್ಟ ಪೀಸುಗಳು ಹಾರದಿರಲೆಂದು ಪಡಸಾಲೆಯ ಕಿಟಕಿಗಳನ್ನು ಮುಚ್ಚಿ ಸಂದುಗಳಿಗೆ ಚಿಂದಿ ತುರುಕುತ್ತಿದ್ದರು. ಒಳಗೆ ನೀಲಿ ಬಟ್ಟೆಯ ಧೂಳು, ಇಸ್ತ್ರಿ ಪೆಟ್ಟಿಗೆಯ ಇದ್ದಿಲಿನ ಬಿಸಿ. ಶಿವಲೀಲಾಳ ಕಣ್ಣು ಕೆಂಡದಂತೆ ಕೆಂಪಾಗಿ ಸದಾ ನೀರು ಸುರಿಯತೊಡಗಿತು.

ಒಂದು ಭಾನುವಾರ ಬೆಳಿಗ್ಗೆ ಗೌರಮ್ಮ ಮಾಳಿಗೆ ಹತ್ತಿ ಬಂದರು.

“ಮೇಡಂ, ನಿಮ್ಮ ಹಂತ್ಯಾಕ ಅಂಜನದ ಕಲ್ಲು ಐತೇನ್ರಿ? ನಮ್ಮತ್ತಿ ಅದನ್ನ ಕೆಂಡದ ಮ್ಯಾಲ ಕಾಯಿಸಿ, ಹರಳೆಣ್ಣ್ಯಾಗ ತೇದು ಕಣ್ಣಿಗೆ ಹಚ್ಚತಿದ್ರು. ಈ ಹುಡುಗಿ ಕಣ್ಣು ನೋಡಾಕ ಆಗವಲ್ದು.”

ಅಂಜನದ ಕಲ್ಲೆಂದರೆ ಆಂಟಿಮನಿ ಮತ್ತು ಗಂಧಕ ಸೇರಿದ ಖನಿಜ, ಪುಸ್ತಕದ ಭಾಷೆಯಲ್ಲಿ ಸ್ಟಿಬ್ನೈಟ್. ಸೀಸದ ಬಣ್ಣ, ಉದ್ದುದ್ದ ಸೂಜಿಗಳನ್ನು ಕಟ್ಟು ಕಟ್ಟಿಟ್ಟಂಥ ರೂಪ, ಉಗುರಿನಲ್ಲಿ ಗೀರುವಷ್ಟು ಮೆತ್ತಗೆ. ಹಿಂದಿನ ದಿನವೇ ಅಂಥ ಒಂದಕ್ಕೆ ನಾನು ಆ ಹೆಸರಿನ ಚೀಟಿ ಅಂಟಿಸಿದ್ದೆ. ಮುಷ್ಟಿ ಗಾತ್ರದ ಕಲ್ಲು. ಅದರ ಬುಡದಲ್ಲಿ ಬೆಳ್ಳಗೆ ಜಿಪ್ಸಂ, ಅಲ್ಲಲ್ಲಿ ಹಳದಿ ಗಂಧಕದ ಚುಕ್ಕೆ ಇದ್ದವು. ಒಂದು ತೆಳು ಸೂಜಿಯನ್ನು ಬೆಳಕಿಗೆ ಹಿಡಿದಾಗ ಒಳಗಿನಿಂದ ಕೆಂಪು ಛಾಯೆ ಬಂದಂತೆಯೂ ಅನಿಸಿತ್ತು. ಸಂಜೆ ಬಿಸಿಲಿನ ಬಣ್ಣ ಇರಬೇಕೆಂದುಕೊಂಡು ಬಿಟ್ಟಿದ್ದೆ. ಮೆರುಗಿಲ್ಲದ ಪಿಂಗಾಣಿ ತುಂಡಿಗೆ ಕಲ್ಲನ್ನು ತೀಡಿ ಗೀರಿನ ಬಣ್ಣ ನೋಡುವುದು ನಾವು ಮಕ್ಕಳಿಗೆ ಮೊದಲ ದಿನ ಕಲಿಸುವ ಪಾಠ. ಆ ತುಂಡು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು.

“ಇದೇ ಕಣಮ್ಮ ಅಂಜನದ ಕಲ್ಲು. ಕಣ್ಣು ಕಟ್ಟಿ ಕೊಟ್ಟರೂ ಗುರುತು ಹಿಡೀತೀನಿ,” ಎಂದೆ. ಒಂದು ಚಕ್ಕೆ ಮುರಿದು ನನಗಿಟ್ಟುಕೊಂಡು ಉಳಿದದ್ದನ್ನು ಅವರ ಕೈಗಿತ್ತು, ಪುಸ್ತಕ ತರಲು ಬಳ್ಳಾರಿಗೆ ಬಸ್ಸು ಹತ್ತಿದೆ.

ಆ ಹಗಲು ನಡೆದದ್ದನ್ನು ನಾನು ಆಮೇಲೆ ಅವರಿವರ ಬಾಯಿಂದ ಕೇಳಿದ್ದು. ಗೌರಮ್ಮ ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ಒಂದು ಮಡಕೆಯ ಚೂರಿಗೆ ಸುರಿದು ಅದರ ಮೇಲೆ ಕಲ್ಲಿಟ್ಟರು. ಕಿಟಕಿಗಳು ಮುಚ್ಚಿಯೇ ಇದ್ದವು. ಕೆಂಡ ಆರದಂತೆ ಬಗ್ಗಿ ಕೂತು ರಟ್ಟಿನಿಂದ ಗಾಳಿ ಹಾಕಿದವಳು ಶಿವಲೀಲಾ. ಕಲ್ಲು ಕೆಂಪಗೆ ಕಾಯುತ್ತದೆಂದು ಅವರು ಕಾದರೆ ಅದು ಬೆಣ್ಣೆಯಂತೆ ಕರಗಿ ಕುದಿಯತೊಡಗಿತು. ಬೆಂಕಿಕಡ್ಡಿ ಗೀರಿದಂಥ ವಾಸನೆ, ಬಿಳಿ ಹೊಗೆ. “ಕಲ್ಲಿನ ವಿಷ ಹೋಗ್ತತಿ, ಇನ್ನೊಂದಿಷ್ಟು ಊದವ್ವಾ,” ಎಂದು ಹೇಳಿ ಗೌರಮ್ಮ ಎಣ್ಣೆ ತರಲು ಹಿತ್ತಲಿಗೆ ಹೋದರು. ಅಲ್ಲಿ ಯಾರೊಡನೆಯೋ ಮಾತಿಗೆ ನಿಂತರು. ತಿರುಗಿ ಬಂದು ನೋಡಿದರೆ ಸೊಸೆಯ ಕೊರಳ ತಾಳಿ ಬೆಳ್ಳಗಾಗಿತ್ತು.

ನಾನು ಸಂಜೆ ಐದರ ಬಸ್ಸಿಗೆ ಬಂದಾಗ ಮನೆಯ ಮುಂದೆ ಓಣಿಯ ಹೆಂಗಸರು ನೆರೆದಿದ್ದರು. ಪಕ್ಕದ ಮನೆಯವನು ಎಸ್‌ಟಿಡಿ ಬೂತಿನಲ್ಲಿ ಬೆಂಗಳೂರಿಗೆ ನಂಬರು ಒತ್ತುತ್ತಿದ್ದಾನೆಂದೂ, ಭಾನುವಾರವಾದ್ದರಿಂದ ಫ್ಯಾಕ್ಟರಿಯಲ್ಲಿ ಯಾರೂ ಎತ್ತುತ್ತಿಲ್ಲವೆಂದೂ ಹೇಳಿದರು. ಗೌರಮ್ಮ ಪಡಸಾಲೆಯ ಬಾಗಿಲಿಗೆ ಅಡ್ಡ ಕೂತಿದ್ದರು. ಒಳಗೆ ದೇವರ ಗೂಡಿನ ಮುಂದೆ ಶಿವಲೀಲಾ ಕಣ್ಣು ಮುಚ್ಚಿ ಕೂತಿದ್ದಳು. ಮೂಲೆಯಲ್ಲಿ ಕೆಂಡ ಇನ್ನೂ ಇತ್ತು. ಅವಳ ತಾಳಿ, ಕಿವಿಯ ಬೆಂಡೋಲೆ ಎರಡೂ ಅಲ್ಯುಮಿನಿಯಂ ಚಮಚದ ಬಣ್ಣಕ್ಕೆ ತಿರುಗಿದ್ದವು.

“ನನ್ನ ಮಗಗ ಏನೋ ಆಗೇತ್ರಿ ಮೇಡಂ,” ಎಂದರು ಗೌರಮ್ಮ. “ಆಷಾಢದಾಗ ಸೊಸೀನ ಇಟಗಂಡೆ. ಆಸೆಬುರುಕಿ ನಾನು. ದೇವರು ತಾಳಿ ಮ್ಯಾಲ ಬರದು ತೋರಿಸ್ಯಾನ. ಮಗನ ಸುದ್ದಿ ಬರೋಮಟ ಆಕಿ ಅಲ್ಲಿಂದ ಏಳಂಗಿಲ್ಲ, ಈ ಹೊಸಲಿ ಯಾರೂ ದಾಟಂಗಿಲ್ಲ.”

ಬಂಗಾರ ಹೀಗೆ ಬೆಳ್ಳಗಾಗುವುದು ಪಾದರಸ ಕೂತರೆ ಮಾತ್ರ. ಅದನ್ನು ತಿಳಿಯಲು ದೊಡ್ಡ ಓದೇನೂ ಬೇಡ. ಮಾಳಿಗೆಗೆ ಓಡಿ, ಡ್ರಾಯರಿನ ಪಿಂಗಾಣಿ ತುಂಡು ತೆಗೆದು, ಮುರಿದಿಟ್ಟುಕೊಂಡ ಚಕ್ಕೆಯನ್ನು ತೀಡಿದೆ. ಅಂಜನದ ಕಲ್ಲಾಗಿದ್ದರೆ ಗೀರು ಸೀಸದ ಬಣ್ಣಕ್ಕಿರಬೇಕಿತ್ತು. ಕೆಂಪಾಗಿ ಬಂತು. ನಂಬದೆ ಇನ್ನೆರಡು ಸಲ ತೀಡಿದೆ. ಮೂರು ಕೆಂಪು ಗೀರು.

ನಮ್ಮ ಸೀಮೆಯ ಬಂಡೆಗಳಲ್ಲಿ ಪಾದರಸ ಹುಟ್ಟುವುದಿಲ್ಲ. ರಾಯದುರ್ಗದ ಬೆಟ್ಟವಾಗಲಿ ಮಡಕಶಿರದ ಬೆಟ್ಟವಾಗಲಿ ಭೂಮಿಯ ಆಳದಲ್ಲಿ ಬೆಂದು ನಿಧಾನವಾಗಿ ಆರಿದ ಬಲು ಹಳೆಯ ಕಲ್ಲು. ಬಿಸಿ ತಾಗಿದರೆ ಆವಿಯಾಗಿ ಹೊರಡುವ ಪಾದರಸ ಅಂಥ ಕಡೆ ನಿಲ್ಲುವುದಿಲ್ಲ. ಅದು ಕೂರುವುದು ಎಳೆಯ ನೆಲದಲ್ಲಿ. ಬಿಸಿನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಏರಿಬಂದು ಮೇಲ್ಭಾಗದಲ್ಲಿ ತಣ್ಣಗಾಗುವ ಕಡೆ ಗಂಧಕದ ಜೊತೆ ಸೇರಿ ಇಂಗಳೀಕವೆಂಬ ಕೆಂಪು ಅದಿರಾಗಿ ಕೂರುತ್ತದೆ. ಅಂಥ ನೀರಿನಲ್ಲಿ ಆಂಟಿಮನಿಯೂ ಇದ್ದು, ಮೂರೂ ಒಂದೇ ಹರಳಿನಲ್ಲಿ ಕಟ್ಟಿಕೊಳ್ಳುವುದು ಲೋಕದಲ್ಲಿ ಬೆರಳೆಣಿಕೆಯ ಕಡೆ ಮಾತ್ರ. ಅಂಥ ಖನಿಜಗಳಿಗೆ ಸಲ್ಫೋಸಾಲ್ಟ್ ಎನ್ನುತ್ತಾರೆ. ಕಾಲೇಜಿನ ಹಳೆಯ ಸ್ಟಾಕ್ ರಿಜಿಸ್ಟರಿನಲ್ಲಿ ಆಮೇಲೆ ಹುಡುಕಿದಾಗ ಒಂದು ಸಾಲು ಸಿಕ್ಕಿತು: ‘ಲಿವಿಂಗ್‌ಸ್ಟೋನೈಟ್, ಮೆಕ್ಸಿಕೊ, ಒಂದು.’ ತೂಕದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಪಾದರಸ. ನೋಡಲು ಥೇಟ್ ಅಂಜನ, ಮೇಣದಬತ್ತಿಯ ಉರಿಗೂ ಕರಗುವಷ್ಟು ಸುಲಭ. ಎರಡನ್ನೂ ಬೇರೆ ಮಾಡಿ ಹೇಳುವುದು ಗೀರಿನ ಬಣ್ಣ.

ಕೆಳಗೆ ಬಂದೆ. ನಾನು ಆಡಬೇಕಿದ್ದ ಮಾತು ಸಣ್ಣದು. ಅಮ್ಮಾ, ನಿಮ್ಮ ಮಗನಿಗೇನೂ ಆಗಿಲ್ಲ, ಕಲ್ಲು ನನ್ನದು, ತಪ್ಪು ನನ್ನದು, ಮೊದಲು ಅವಳನ್ನು ಹೊರಗೆ ತನ್ನಿ. ಇಷ್ಟೇ. ಬಾಯಿ ತೆರೆದಾಗ ಬಂದ ಮಾತು ಬೇರೆ.

“ಒಳಗೆ ಹೊಗೆ ತುಂಬ್ಕೊಂಡೈತೆ ಕಣಮ್ಮ. ಕಿಟಕಿನಾದ್ರೂ ತೆಗೀರಿ. ಅವಳನ್ನ ಈಚೆ ಕೂರಿಸಿ.”

“ಹೊಗಿಗೆ ತಾಳಿ ಬೆಳ್ಳಗಾಗತತೇನ್ರಿ?” ಎಂದರು ಗೌರಮ್ಮ. “ನೀವು ಓದಿದೋರು, ನಿಮಗ ಇವೆಲ್ಲ ತಿಳಿಯಂಗಿಲ್ಲ. ಮ್ಯಾಲ ಹೋಗ್ರಿ.”

ನಾನು ಮೇಲೆ ಹೋದೆ. ಈ ಮೂರು ಪದಗಳನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಯಾಕೆ ಹೋದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಾಲೇಜಿನ ಕಲ್ಲನ್ನು ಮನೆಯವರಿಗೆ ಕೊಟ್ಟದ್ದು ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಓಣಿಯ ಅಷ್ಟು ಹೆಂಗಸರ ಮುಂದೆ ಕಲ್ಲು ಮೇಡಂಗೆ ಕಲ್ಲೇ ಗೊತ್ತಿಲ್ಲ ಎನಿಸಿಕೊಳ್ಳುವ ನಾಚಿಕೆ. ಗೌರಮ್ಮನ ಹತ್ತಿರ ಅದಾಗಲೇ ಒಂದು ಕಾರಣ ಇತ್ತು, ಆ ಕಾರಣದಲ್ಲಿ ನನ್ನ ಹೆಸರಿರಲಿಲ್ಲ. ನಾನು ಅದರ ಹಿಂದೆ ಅವಿತುಕೊಂಡೆ. ಬೆಳಗಾಗುವವರೆಗೂ ಕೆಳಗಿನಿಂದ ಕೆಮ್ಮು ಕೇಳಿಸುತ್ತಲೇ ಇತ್ತು.

ಸೋಮವಾರ ಹನ್ನೊಂದರ ಹೊತ್ತಿಗೆ ಫ್ಯಾಕ್ಟರಿಯ ಫೋನಿನಲ್ಲಿ ಪಂಪಣ್ಣ ಸಿಕ್ಕಿದ. ಗಟ್ಟಿಮುಟ್ಟಾಗಿದ್ದ, ಊಟ ಮಾಡಿ ಬಂದೆನೆಂದು ನಗುತ್ತಿದ್ದನಂತೆ. ಸುದ್ದಿ ಕೇಳಿ ಗೌರಮ್ಮ ಬಾಗಿಲು ಬಿಟ್ಟು ಎದ್ದರು. ಶಿವಲೀಲಾ ಏಳಲಿಲ್ಲ. ಮೈ ಸುಡುತ್ತಿತ್ತು, ಒಸಡು ಊದಿ ರಕ್ತ ಬರುತ್ತಿತ್ತು. ಉಸಿರು ಸಿಗದೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು. ಆಗ ಮಾತ್ರ ನನಗೆ ಎಲ್ಲಿಂದಲೋ ಧೈರ್ಯ ಬಂತು. ಬಾಡಿಗೆ ಜೀಪು ತರಿಸಿ ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ವರಾಂಡದ ಮೂಲೆಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕಲ್ಲಿನ ಹೆಸರು ಇನ್ನೂ ಗೊತ್ತಿರಲಿಲ್ಲ, ಪಾದರಸ ಮತ್ತು ಆಂಟಿಮನಿ ಎಂದೆ. ಆಕೆ ಬರೆದುಕೊಳ್ಳುತ್ತ ಕೇಳಿದರು.

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ನಿನ್ನೆ ಸಂಜೆ.”

ಪೆನ್ನು ನಿಂತಿತು. ಆಕೆ ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಬರೆಯತೊಡಗಿದರು. ಮನೆಯವರಿಗೂ ಹೇಳಬೇಕು ಎಂದರು. ನಾನೇ ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಶಿವಲೀಲಾ ಬದುಕಿದಳು. ತಿಂಗಳ ಮೇಲೆ ಮನೆಗೆ ಬಂದಾಗ ಅವಳ ಕೈ ನಡುಗುತ್ತಿತ್ತು. ಒಂದು ದಿನ ಅತ್ತೆ ಬೇಡವೆಂದರೂ ಕೇಳದೆ ಮೆಷಿನ್ನಿಗೆ ಕೂತು ಒಂದು ಪ್ಯಾಂಟಿನ ಪಕ್ಕಕ್ಕೆ ಹೊಲಿಗೆ ಓಡಿಸಿದಳು. ನಾನು ಮೆಟ್ಟಿಲ ಮೇಲಿದ್ದೆ. ಎರಡು ಗೆರೆಯೂ ಮೊಣಕಾಲಿನ ಹತ್ತಿರ ಒಂದರ ಮೇಲೊಂದು ಹತ್ತಿ ಸೊಟ್ಟಗೆ ಹೋದವು. ಅವಳು ಆ ಪೀಸನ್ನು ತಿರುಗಿಸಿ ನೋಡಿ, ಮಡಿಚಿಟ್ಟು, ದಾರ ಕತ್ತರಿಸುವ ಮುದುಕಿಯರ ಪಕ್ಕ ಹೋಗಿ ಕೂತಳು. ನನಗೆ ಅಳು ಬಂತು. ಅವಳು ಅಳಲಿಲ್ಲ.

ಬೆಳ್ಳಗಾದ ತಾಳಿಯನ್ನು ಗೌರಮ್ಮ ಹಗರಿ ಹೊಳೆಗೆ ಬಿಟ್ಟು ಬಂದು, ಅರಿಶಿನದ ಕೊಂಬು ಕಟ್ಟಿಸಿ, ಆಮೇಲೆ ಹೊಸದು ಮಾಡಿಸಿದರು. ಜೋರು ಬಾಯಿ ಅಡಗಿಹೋಯಿತು. ಸೊಸೆಗೆ ತಾವೇ ಕಲಸಿ ತುತ್ತು ಕೊಡುತ್ತಿದ್ದರು. ಆಷಾಢದಲ್ಲಿ ಇಟ್ಟುಕೊಂಡೆ, ನನ್ನ ಕೈಯಾರೆ ಈ ಕೂಸಿನ ಕೈ ಮುರಿದೆ ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ನನ್ನ ನಾಲಿಗೆಯ ತುದಿಗೆ ಮಾತು ಬಂದು ಹಿಂದೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಪಡಸಾಲೆಯ ಕಡಪ ಕಲ್ಲಿನ ಸಂದುಗಳಲ್ಲಿ ಸಾಸಿವೆ ಗಾತ್ರದ ಬೆಳ್ಳಿ ಹನಿಗಳು ಹೊಳೆಯುವುದನ್ನು ಕಂಡೆ. ಒದ್ದೆ ಕಾಗದದಿಂದ ಸಿಕ್ಕಷ್ಟು ಎತ್ತಿ ಸೀಸೆಗೆ ತುಂಬಿ, ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಿದೆ. ಪಾದರಸ ಮತ್ತೆ ಗಂಧಕಕ್ಕೆ ಕಟ್ಟಿಕೊಂಡರೆ ಆವಿಯಾಗುವುದಿಲ್ಲ. ಏನು ಮಾಡುತ್ತಿದ್ದೀರೆಂದು ಗೌರಮ್ಮ ಕೇಳಿದರು. ಇರುವೆಗೆ ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಮಾರ್ಚಿಗೆ ವಿಭಾಗ ಮುಚ್ಚಿತು, ನಾನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದೆ. ಆಮೇಲೆ ಮಡಕಶಿರದ ಶಾಲೆಯೊಂದರಲ್ಲಿ ಟೀಚರಾದೆ.

ಇಷ್ಟೆಲ್ಲ ಆ ಇದ್ದಿಲ ವಾಸನೆಯ ಜೊತೆ ಬಂದದ್ದರಿಂದ ಹೋದ ಭಾನುವಾರ ರಾಯದುರ್ಗಕ್ಕೆ ಹೋದೆ. ಪಂಪಣ್ಣ ಊರಿಗೆ ಮರಳಿ ದೊಡ್ಡ ಯೂನಿಟ್ಟೇ ಹಾಕಿದ್ದಾನೆ. ಗೌರಮ್ಮ ತೀರಾ ಹಣ್ಣಾಗಿ ಬಾಗಿಲಲ್ಲಿ ಕೂತಿದ್ದರು. ನನ್ನ ದನಿಯಿಂದಲೇ ಗುರುತು ಹಿಡಿದು ಕೈ ಹಿಡಿದುಕೊಂಡರು. ಶಿವಲೀಲಾ ಎರಡೂ ಕೈಯಲ್ಲಿ ಹಿಡಿದು ಚಹಾ ತಂದಿಟ್ಟಳು, ಆದರೂ ಕಪ್ಪಿನ ಕೆಳಗಿನ ಬಸಿಯ ತುಂಬ ಚೆಲ್ಲಿತ್ತು. ಗೌರಮ್ಮ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಇನ್ನು ತಡೆಯಲಾಗಲಿಲ್ಲ.

“ಅಮ್ಮಾ, ಆಷಾಢದಿಂದ ಆಗಿದ್ದಲ್ಲ ಅದು. ನಾನು ಕೊಟ್ಟಿದ್ದು ಅಂಜನದ ಕಲ್ಲೇ ಅಲ್ಲ. ಅದರಲ್ಲಿ ಪಾದರಸ ಇತ್ತು. ನೋಡದೆ ಕೊಟ್ಟೆ. ಅವತ್ತೇ ಗೊತ್ತಾಗಿತ್ತು, ಹೇಳಲಿಲ್ಲ. ತಪ್ಪೆಲ್ಲ ನಂದು ಕಣಮ್ಮ. ನಿಮ್ಮದೇನೂ ಇಲ್ಲ.”

ಗೌರಮ್ಮ ನನ್ನ ಕೆನ್ನೆ ಸವರಿ ನಕ್ಕರು.

“ಎಷ್ಟು ಒಳ್ಳೇಕಿ ಅದೀಯವ್ವಾ ನೀನು. ಮುದುಕಿ ಸಾಯೂ ಕಾಲಕ್ಕ ಮನಸು ಹಗುರಾಗ್ಲಿ ಅಂತ ಅಷ್ಟು ದೂರದಿಂದ ಬಂದು ನನ್ನ ಪಾಪ ನಿನ್ನ ತಲಿ ಮ್ಯಾಲ ಹಾಕ್ಯಂತೀ. ಬ್ಯಾಡವ್ವಾ. ಮಾಡಿದಾಕಿ ನಾನು, ನಾನಾ ಹೊತಗೊಂಡು ಹೋಗ್ತೀನಿ.”

ನಾನು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಲ್ಲಿ ನನ್ನ ಮೇಲಿನ ಪ್ರೀತಿ ಹೆಚ್ಚುತ್ತಲೇ ಹೋಯಿತು. ಕೊನೆಗೆ ಸುಮ್ಮನಾಗಿ ಎದ್ದೆ.

ಶಿವಲೀಲಾ ಓಣಿಯ ತಿರುವಿನವರೆಗೆ ಜೊತೆಗೆ ಬಂದಳು.

“ದವಾಖಾನಿ ಚೀಟಿ ನನ್ನ ಹಂತ್ಯಾಕ ಐತ್ರಿ ಮೇಡಂ,” ಎಂದಳು. “ಕಂಪೌಂಡರ್ ಓದಿ ಹೇಳಿದ್ದ. ನೀವಾ ಹೇಳ್ತೀರಿ ಅಂತ ಇಷ್ಟು ವರ್ಷ ಸುಮ್ಮನಿದ್ದೆ.”

ನನಗೆ ಅವಳ ಮುಖ ನೋಡಲಾಗಲಿಲ್ಲ. ಇವತ್ತಾದರೂ ಹೇಳಿದೆನಲ್ಲ, ಅತ್ತೆ ನಂಬಲಿಲ್ಲವಲ್ಲ ಎಂದು ಏನೋ ತೊದಲಿದೆ.

“ಅವತ್ತು ಸಂಜಿಗೆ ನಂಬತಿದ್ರು,” ಎಂದಳು ಶಿವಲೀಲಾ. “ನಾನು ಒಳಗ ಕುಂತು ಕೇಳತಿದ್ನಿ. ನೀವು ಬಾಗಲಮಟ ಬಂದ್ರಿ. ಕಿಟಕಿ ತೆಗೀರಿ ಅಂದ್ರಿ. ಇನ್ನೊಂದು ಮಾತು ಆಡ್ತೀರಿ ಅಂತ ಕಾದೆ. ಆಮ್ಯಾಲ ನೀವು ಮೆಟ್ಲು ಹತ್ತಿ ಹೋಗಿದ್ದು ಕೇಳಿಸ್ತು.”